ಮದುವೆ ಕೋಟು ಉಳಿಸಿದ ಜೀವ

ಬೆಳಗ್ಗೆ ಎದ್ದು ಫೋನ್ ತೆಗೆದ್ರೆ ಮತ್ತೆ ಅದೇ ರೀಲು. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಹಾಡುಗಾರ ಮಿಕ್ ಜಾಗರ್ ಬಗ್ಗೆ ಅದೇ ಬ್ಯಾಂಡಿನ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಬಿಚ್ಚಿಟ್ಟ ಸ್ಫೋಟಕ ರಹಸ್ಯ, ಕೊನೇವರೆಗೂ ನೋಡಿ. ಯಾವ ರಹಸ್ಯ ಮಾರಾಯ್ರೇ, ಆ ಮನುಷ್ಯ ಅದನ್ನ 2010ರಲ್ಲೇ ಆತ್ಮಕತೆಲಿ ಅಚ್ಚು ಹಾಕ್ಸಿ, ಜಗತ್ತೆಲ್ಲಾ ಓದಿ ನಕ್ಕು ಮರೆತಾಗಿದೆ. ಹಳಸಿದ ಹುಳಿಗೆ ಇವರು ದಿನಾ ಹೊಸ ಒಗ್ಗರಣೆ ಹಾಕ್ತಾರೆ, ನಾನೂ ನಾಚಿಕೆ ಇಲ್ದೆ ದಿನಾ ಕೊನೇವರೆಗೂ ನೋಡ್ತೀನಿ.

ಕಥೆ ನಿಮಗೆ ಗೊತ್ತಿರೋದೇ. ಮಿಕ್ಕನ್ನ ಬೆನ್ನ ಹಿಂದೆ ಮಹಾರಾಣಿ ಅಂತಿದ್ರಂತೆ, ಬ್ರೆಂಡಾ ಅಂತ ಹೆಂಗಸಿನ ಹೆಸರಿಟ್ಟು ಕರೀತಿದ್ರಂತೆ, ಇಪ್ಪತ್ತು ವರ್ಷದಿಂದ ಕೀತು ಅವನ ಡ್ರೆಸ್ಸಿಂಗ್ ರೂಮ್ ಕಡೆ ತಲೆ ಹಾಕಿಲ್ವಂತೆ. ಯಾವುದೋ ಅಂಗದ ಅಳತೆ ಬಗ್ಗೆನೂ ಬರ್ದಿದಾನೆ, ಮನೇಲಿ ಮಕ್ಳು ಓದ್ತಾರೆ ಬಿಡಿ.

ನಂಗೆ ಖುಷಿ ಕೊಡೋದು ಬೇರೇನೇ. ಈ ಕೀತು ಅರವತ್ತು ಎಪ್ಪತ್ತರ ದಶಕದಲ್ಲಿ ಸಿಕ್ಕಿದ್ದೆಲ್ಲಾ ಮೂಗಲ್ಲಿ, ನರದಲ್ಲಿ ಏರಿಸ್ಕೊಂಡೋನು, ಪುಸ್ತಕದ ಹಿಂದೆ ತನ್ನ ಕೈಬರಹದಲ್ಲೇ "ನಂಬ್ತೀರೋ ಬಿಡ್ತೀರೋ, ನಾನು ಏನೂ ಮರೆತಿಲ್ಲ" ಅನ್ನೋ ಅರ್ಥದಲ್ಲಿ ಬರ್ಕೊಂಡಿದಾನೆ. ಆ ಕಡೆ ಮಿಕ್ಕು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಲ್ಲಿ ಓದೋಕೆ ಸೇರಿದ್ದೋನು, ಇವತ್ತಿಗೂ ವ್ಯಾಯಾಮ ಬಿಡದೋನು, ಅವನಿಗೇನೂ ನೆನಪಿಲ್ಲ! ಎಂಬತ್ತರ ದಶಕದ ಶುರುವಲ್ಲಿ ಆತ್ಮಕತೆಗೆ ಅಂತ ಅಡ್ವಾನ್ಸ್ ಈಸ್ಕೊಂಡು, ಆಮೇಲೆ ಇದು ಬೋರು ಅಂತ ದುಡ್ಡು ವಾಪಸ್ ಕೊಟ್ಟುಬಿಟ್ಟ. (ಅಡ್ವಾನ್ಸ್ ವಾಪಸ್ ಕೊಟ್ಟ ಲೇಖಕ! ಇದಕ್ಕೇ ಸರ್ ಪದವಿ ಕೊಡ್ಬೋದಿತ್ತು.) ಇನ್ನೂ ಮಜಾ ಅಂದ್ರೆ 2017ರಲ್ಲಿ ಜಾನ್ ಬ್ಲೇಕ್ ಅನ್ನೋ ಪ್ರಕಾಶಕ, ಮಿಕ್ಕನದೇ 75,000 ಪದಗಳ ಹಸ್ತಪ್ರತಿ ನನ್ ಹತ್ರ ಇದೆ, ಕೇಳಿದ್ರೆ ಬರ್ದಿದ್ದೇ ನೆನಪಿಲ್ಲ ಅಂತಾನೆ ಅಂತ ಬರ್ಕೊಂಡ್ರು. ತನ್ನ ಬದುಕನ್ನ ಮರೆತೋರು ಇದಾರೆ, ಬದುಕಿನ ಬಗ್ಗೆ ತಾನೇ ಬರೆದ ಪುಸ್ತಕಾನೇ ಮರೆತೋನು ಇವನೊಬ್ಬನೇ ಇರ್ಬೇಕು.

2016ರಲ್ಲಿ, 73ನೇ ವಯಸ್ಸಲ್ಲಿ, ಮಿಕ್ಕಿಗೆ ಎಂಟನೇ ಮಗು ಆಯ್ತು. 2018ರಲ್ಲಿ ಕೀತು ಸಂದರ್ಶನದಲ್ಲಿ, ಸಾಕಪ್ಪಾ ಆಪರೇಷನ್ ಮಾಡಿಸ್ಕೋ ಅಂದ. ನಮ್ಮ ಕಡೆ ಈ ಮಾತನ್ನ ಆಸ್ಪತ್ರೆ ನರ್ಸಮ್ಮ ಹೇಳ್ತಾರೆ, ಅದೂ ಎರಡನೇದಕ್ಕೇ ಹೇಳ್ತಾರೆ. ಆಮೇಲೆ ಕೀತು ಟ್ವಿಟರಲ್ಲಿ ಕ್ಷಮೆ ಕೇಳಿದ್ದೂ ಆಯ್ತು. 1961ರಲ್ಲಿ ಡಾರ್ಟ್‌ಫರ್ಡ್ ರೈಲ್ವೆ ಸ್ಟೇಷನ್ನಲ್ಲಿ ಮಿಕ್ಕಿನ ಕಂಕುಳಲ್ಲಿದ್ದ ಅಮೆರಿಕದ ರಾಕ್ ಹಾಡುಗಾರ ಚಕ್ ಬೆರಿ ರೆಕಾರ್ಡ್ ನೋಡಿ ಕೀತು ಮಾತಾಡ್ಸಿದ್ದಂತೆ. ಅವತ್ತು ಟ್ರೈನ್ ಮಿಸ್ ಆಗಿದ್ರೆ ಜಗತ್ತಿಗೆ ಎಷ್ಟು ನಷ್ಟ ನೋಡಿ, ಹಾಡು ಬಿಡಿ, ಈ ರೀಲುಗಳೇ ಇರ್ತಿರ್ಲಿಲ್ಲ.

ನಮ್ಮ ಬೆಂಗಳೂರಿಗೂ ಈ ಜಗಳದ ಋಣ ಇದೆ. 2002ರಲ್ಲಿ ಮಿಕ್ಕಿಗೆ ಸರ್ ಪದವಿ ಘೋಷಣೆ ಆದಾಗ ಕೀತಿಗೆ ಉರಿ ಕಿತ್ಕೊಂಡು ಟೂರೇ ಬಿಟ್ಟು ಹೋಗ್ತೀನಿ ಅಂತ ಕೂಗಾಡಿದ್ದ. ಬಿಡ್ಲಿಲ್ಲ, ಯಾರ್ ಬಿಡ್ತಾರೆ. ಅದೇ ಟೂರು 2003ರ ಏಪ್ರಿಲ್ಲಲ್ಲಿ ಅರಮನೆ ಮೈದಾನಕ್ಕೆ ಬಂತು, ನಮ್ಮ ಜನ ಎಂಥಾ ಜೋಡಿ, ಎಂಥಾ ಸ್ನೇಹ ಅಂತ ಕಣ್ಣೀರು ಹಾಕ್ಕೊಂಡು ನೋಡಿದ್ರು. ಡಿಸೆಂಬರಲ್ಲಿ ಮಿಕ್ಕು ಇನ್ನೊಂದು ಅರಮನೆಗೆ ಹೋಗಿ ಪದವಿ ಈಸ್ಕೊಂಡ. 2024ರ ಅಮೆರಿಕ ಟೂರಿಗೆ ಪ್ರಾಯೋಜಕರು ಯಾರು ಗೊತ್ತಲ್ಲ, ಐವತ್ತು ದಾಟಿದೋರ ಸಂಘ. ನಮ್ಮಲ್ಲಿ ನಿವೃತ್ತ ನೌಕರರ ಸಂಘದೋರು ಹೆಚ್ಚಂದ್ರೆ ಬಿಪಿ ಶುಗರ್ ಕ್ಯಾಂಪ್ ಇಡ್ತಾರೆ.

ಇವರೇ ವಾಸಿ, ರಕ್ತಸಂಬಂಧ ಇಲ್ದ ಹೊರಗಿನೋರು. ಅಮೆರಿಕದ ಬೀಚ್ ಬಾಯ್ಸ್ ಬ್ಯಾಂಡಲ್ಲಿ ಮೈಕ್ ಲವ್ ಅನ್ನೋನು ಜೊತೆಗಾರ ಬ್ರಯಾನ್ ವಿಲ್ಸನ್‌ಗೆ ಸ್ವಂತ ಸೋದರತ್ತೆ ಮಗ. ಹಾಡು ಬರೆದೋರಲ್ಲಿ ನನ್ನ ಹೆಸರು ಬಿಟ್ಟಿದೀರಾ ಅಂತ ಕೋರ್ಟಿಗೆ ಹೋಗಿ 1994ರಲ್ಲಿ ಗೆದ್ದ, ಆಮೇಲೆ 2016ರಲ್ಲಿ ಇಬ್ರೂ ಒಂದೇ ತಿಂಗಳ ಅಂತರದಲ್ಲಿ ಆತ್ಮಕತೆ ಬಿಟ್ರು. ಹೊಲದ ಬದುವಿಗೆ ಎರಡೂ ಕಡೆಯಿಂದ ಬೇಲಿ ಹಾಕಿದಂಗೆ. ಕಿಸ್ ಬ್ಯಾಂಡಲ್ಲಂತೂ ಶುರು ಮಾಡಿದ ನಾಲ್ಕೂ ಜನ ಒಬ್ಬೊಬ್ಬರದ್ದು ಒಂದೊಂದು ಪುಸ್ತಕ, ನಾಲ್ಕರಲ್ಲೂ ತಪ್ಪು ಉಳಿದ ಮೂರು ಜನರದ್ದು.

ಆದ್ರೆ ಈ ಕುಲಕ್ಕೆಲ್ಲಾ ಮುಕುಟ ಅಂದ್ರೆ ಸ್ಮಿತ್ಸ್ ಬ್ಯಾಂಡಿನ ಮಾರಿಸ್ಸಿ. 2013ರಲ್ಲಿ ಅವನ ಆತ್ಮಕತೆ ಬಿಡುಗಡೆ ಆದ ದಿನಾನೇ ಪೆಂಗ್ವಿನ್ ಕ್ಲಾಸಿಕ್ಸ್, ಅಂದ್ರೆ ಹಳೇ ಮಹಾನ್ ಕೃತಿಗಳ ಮಾಲಿಕೆ. ಗ್ರೀಕ್ ಮಹಾಕವಿ ಹೋಮರ್ ಕೂತಿರೋ ಶೆಲ್ಫು! ಹೋಮರ್‌ಗೆ ಎರಡೂವರೆ ಸಾವಿರ ವರ್ಷ ಕಾಯ್ಬೇಕಾಯ್ತು, ಇವನು ಮಧ್ಯಾಹ್ನದ ಊಟದೊಳಗೆ ಕ್ಲಾಸಿಕ್ಕು. ಮಹಾಕಾವ್ಯದ ವಸ್ತು ಏನು ಅಂದ್ರೆ, ಪುಟಗಟ್ಟಲೆ, ಡ್ರಮ್ಮರ್ ಮೈಕ್ ಜಾಯ್ಸ್ ಹಾಕಿದ ಕೇಸು. ಬ್ಯಾಂಡಿನ ಗಳಿಕೇಲಿ ಹಾಡೋ ಮಾರಿಸ್ಸಿಗೂ ಗಿಟಾರಿನ ಜಾನಿ ಮಾರ್‌ಗೂ ತಲಾ ನೂರಕ್ಕೆ ನಲವತ್ತು, ಡ್ರಮ್ಮು ಬೇಸು ಬಾರಿಸೋರಿಗೆ ತಲಾ ಹತ್ತು. 1996ರಲ್ಲಿ ಜಡ್ಜು ಸಮಪಾಲು ಕೊಡಿ ಅಂದು, ಮಾರಿಸ್ಸಿಗೆ ಕುಟಿಲ, ನಂಬಿಕೆಗೆ ಅನರ್ಹ ಅಂತ ಸರ್ಟಿಫಿಕೇಟೂ ಕೊಟ್ರು. ಅದಕ್ಕೇ ಈ ವಿಲಾಪ.

ಇಲ್ಲಿಗೆ ಬಂದಾಗ ನಂಗೆ ನಗು ಬರಲ್ಲ. ಬೇಸ್ ಬಾರಿಸ್ತಿದ್ದ ಆಂಡಿ ರೂರ್ಕ್ ಇದ್ನಲ್ಲ, ಆ ಹಾಡುಗಳನ್ನ ಅರ್ಧ ಹೊತ್ತಿದ್ದೇ ಅವನ ಬೇಸು. ಅವನಿಗೆ ಕೋರ್ಟು ತೀರ್ಪಿನವರೆಗೂ ಕಾಯೋಕೆ ದುಡ್ಡಿರ್ಲಿಲ್ಲ, 83,000 ಪೌಂಡ್ ಈಸ್ಕೊಂಡು ಅದೇ ಹತ್ತು ಪರ್ಸೆಂಟಿಗೆ ಸಹಿ ಹಾಕ್ದ. 2023ರಲ್ಲಿ ಕ್ಯಾನ್ಸರಲ್ಲಿ ಹೋದ, 59 ವಯಸ್ಸು. ಇದಕ್ಕೆಲ್ಲಾ ನಾವು ಇಟ್ಟಿರೋ ಹೆಸರು ಏನು, ಪ್ರತಿಭೆಗಳ ಸಂಘರ್ಷ, ಈಗೋ ಕ್ಲಾಶ್, ಸೃಜನಶೀಲ ಭಿನ್ನಾಭಿಪ್ರಾಯ. ಥೂ, ಗೆಳೆಯನ ಪಾಲು ಹೊಡೆಯೋದಕ್ಕೆ ಇಷ್ಟುದ್ದ ಹೆಸರು ಯಾಕ್ರೀ ಬೇಕು. ಹೊಡೆದೋನೇ ಬರೀತಾನೆ, ನೊಂದ್ಕೊಂಡೋನೂ ಅವನೇ, ಪುಸ್ತಕ ಕೊಂಡು ಅಯ್ಯೋ ಪಾಪ ಅನ್ನೋರು ನಾವು.

ಹೋಗ್ಲಿ, ರೋಲಿಂಗ್ ಸ್ಟೋನ್ಸ್ ಡ್ರಮ್ಮರ್ ಚಾರ್ಲಿ ವಾಟ್ಸ್ ಕಥೆ ಹೇಳಿ ಮುಗಿಸ್ತೀನಿ, ಇದೂ ಕೀತು ಹೇಳಿದ್ದೇ. 1984, ಆಮ್‌ಸ್ಟರ್‌ಡ್ಯಾಮು, ಬೆಳಗಿನ ಜಾವ. ಕುಡಿದ ಮಿಕ್ಕು ಹೋಟೆಲ್ ರೂಮಿಂದ ಚಾರ್ಲಿಗೆ ಫೋನ್ ಮಾಡಿ ನನ್ ಡ್ರಮ್ಮರ್ ಎಲ್ಲಿ ಅಂದ. ಆಕಡೆಯಿಂದ ಉತ್ತರ ಇಲ್ಲ. ಇಪ್ಪತ್ತು ನಿಮಿಷ ಆದ್ಮೇಲೆ ಬಾಗಿಲು ಬಡಿದ ಸದ್ದು, ನೋಡಿದ್ರೆ ಚಾರ್ಲಿ, ಗಡ್ಡ ಬೋಳಿಸ್ಕೊಂಡು, ಸೂಟು ಟೈ ಹಾಕ್ಕೊಂಡು, ಸೆಂಟ್ ಹೊಡ್ಕೊಂಡು ಬಂದಿದಾನೆ. ನೆಟ್ಟಗೆ ಹೋಗಿ, ಇನ್ನೊಂದ್ ಸಲ ನನ್ನನ್ನ ನಿನ್ ಡ್ರಮ್ಮರ್ ಅನ್ಬೇಡ ಅಂತ ಒಂದು ಕೊಟ್ಟ. ಮಿಕ್ಕು ಮೀನಿನ ತಟ್ಟೆ ಮೇಲೆ ಬಿದ್ದು ತೆರೆದಿದ್ದ ಕಿಟಕಿ ಕಡೆ ಜಾರಿದ, ಕೆಳಗೆ ಕಾಲುವೆ. ಕೀತು ಹಿಡ್ಕೊಂಡು ಎಳೆದ. ಸ್ನೇಹಕ್ಕಲ್ಲ, ಮಿಕ್ಕು ಹಾಕ್ಕೊಂಡಿದ್ದು ಕೀತಿನ ಮದುವೆ ಕೋಟು, ಸಾಲ ಕೊಟ್ಟಿದ್ದು.

ಚಾರ್ಲಿ 2021ರಲ್ಲಿ ತೀರ್ಕೊಂಡ. ಆತ್ಮಕತೆ ಗೀತ್ಮಕತೆ ಬರೀಲಿಲ್ಲ. 1967ರಿಂದ ಟೂರಲ್ಲಿ ಮಲಗಿದ ಒಂದೊಂದು ಹೋಟೆಲಿನ ಹಾಸಿಗೇನೂ ಕೂತು ಚಿತ್ರ ಬರೀತಿದ್ದ, ಅಷ್ಟೇ. ಬರೀ ಹಾಸಿಗೆ. ಆ ಪುಸ್ತಕ ಯಾರಾದ್ರೂ ಅಚ್ಚು ಹಾಕಿದ್ರೆ ತಿಳಿಸಿ, ಪೂರ್ತಿ ದುಡ್ಡು ಕೊಟ್ಟು ತಗೋತೀನಿ.