ನಾಸಾ ಮೆಚ್ಚಿದ ಕುಂಡ

ಬೆಂಗಳೂರಿನ ನರ್ಸರಿಗಳಲ್ಲಿ ಈಗ ಗಿಡಕ್ಕಿಂತ ಅದಕ್ಕೆ ಕಟ್ಟಿದ ಚೀಟಿಗೇ ಬೆಲೆ ಜಾಸ್ತಿ. ‘ಮನೆಯ ಗಾಳಿ ಶುದ್ಧಗೊಳಿಸುತ್ತದೆ, ನಾಸಾ ದೃಢಪಡಿಸಿದೆ’ ಎಂದು ಬರೆದ ಸ್ನೇಕ್ ಪ್ಲಾಂಟ್ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಹೊರಡುತ್ತದೆ. ನಾಸಾ ಶಿಫಾರಸಿಲ್ಲದ ಬಡ ದಾಸವಾಳ ಬಿಸಿಲಲ್ಲೇ ನಿಂತಿರುತ್ತದೆ.

ನಾಸಾ 1989ರಲ್ಲಿ ಪ್ರಯೋಗದ ವರದಿ ಕೊಟ್ಟದ್ದು ನಿಜ. ಆದರೆ ಅಲ್ಲಿ ಗಿಡವಿದ್ದದ್ದು ಬಿಗಿಯಾಗಿ ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ, ಯೋಚನೆಯಿದ್ದದ್ದು ಬಾಹ್ಯಾಕಾಶದ ವಾಸದ ಬಗ್ಗೆ. ಇಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹೇಳಿದ್ದಿಷ್ಟು: ಮಾಮೂಲಿ ಕಟ್ಟಡದಲ್ಲಿ ಗಾಳಿಯಾಡಿ ಆಗುವ ಶುದ್ಧಿ ಗಿಡಗಳಿಂದಲೇ ಆಗಬೇಕಾದರೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ನೂರು ಚದರ ಮೀಟರಿನ ಫ್ಲ್ಯಾಟಿಗೆ ಕಡಿಮೆಯೆಂದರೂ ಸಾವಿರ ಕುಂಡ. ಮನೆಯವರು ಮಲಗಲು ಪಾರ್ಕಿಂಗಿಗೆ ಇಳಿಯಬೇಕು.

ಕಿಟಕಿ ತೆರೆದರೆ ಸಾಲದೇ ಎಂದು ಕೇಳಬೇಡಿ. ಧೂಳು ಬರುತ್ತದೆ. ಧೂಳು ತಡೆಯುತ್ತಿದ್ದ ಮರದ ಗತಿ ಏನಾಯಿತೆಂದು ತಿಳಿಯಲು ಯಾವುದಾದರೂ ಅಪಾರ್ಟ್‌ಮೆಂಟ್ ಸಂಘದ ನಡಾವಳಿ ಓದಬೇಕು. ವಿಷಯ 3: ಗೇಟಿನ ಹೊಂಗೆಮರ ಹೂ ಉದುರಿಸಿ ಕಾರುಗಳನ್ನು ಗಲೀಜು ಮಾಡುತ್ತಿರುವುದರಿಂದ ತೆಗೆಸುವುದು. ವಿಷಯ 4: ಲಾಬಿಗೆ ಆಮ್ಲಜನಕ ಕೊಡುವ 40 ಗಿಡ ತರಿಸುವುದು. ಎರಡಕ್ಕೂ ಸರ್ವಾನುಮತ. 1976ರ ಮರ ಸಂರಕ್ಷಣಾ ಕಾಯ್ದೆ ಇದೆಯಲ್ಲ ಎಂದು ಯಾರೋ ಹಿರಿಯರು ಗೊಣಗಿದರು. ಅರ್ಜಿಯಲ್ಲಿ ಹೂವಿನ ಬದಲು ‘ಅಪಾಯಕಾರಿ ಕೊಂಬೆ’ ಎಂದು ಬರೆದರೆ ಕಾಯ್ದೆಯೂ ತಲೆದೂಗುತ್ತದೆ ಎಂದು ಕಾರ್ಯದರ್ಶಿಗಳು ಸಮಾಧಾನ ಹೇಳಿದರು.

ಗಿಡಗಳು ಬಂದವು. ಜೊತೆಗೆ ಅದೃಷ್ಟದ ಬಿದಿರು, ಅಂದರೆ ಬಿದಿರಿನ ಕುಲಕ್ಕೇ ಸೇರದ ಆಫ್ರಿಕದ ಡ್ರಸೀನಾ. ಬಿಸಿಲು ಕಾಣದ ಲಾಬಿಯಲ್ಲಿ ಅವುಗಳಿಗೆ ಸಿಕ್ಕ ಏಕೈಕ ಉಪಚಾರ ನೀರು. ಸ್ನೇಕ್ ಪ್ಲಾಂಟಿಗೆ ಮಣ್ಣು ಒಣಗಿದ ಮೇಲೆ ನೀರು ಹಾಕಿದರೆ ಸಾಕು. ಆದರೆ ಕಾವಲುಗಾರರದು ಮೂರು ಪಾಳಿ, ಮೂವರೂ ಕರ್ತವ್ಯನಿಷ್ಠರು. ಒಂದೆರಡು ತಿಂಗಳಲ್ಲಿ ಬುಡ ಕೊಳೆತು, ಎತ್ತಿದರೆ ಎಲೆ ಮಾತ್ರ ಕೈಗೆ ಬಂತು, ಹಿಂದೆಯೇ ನಾತ. ನಾತಕ್ಕೆ ಸಂಪಿಗೆ ಪರಿಮಳದ ರೂಮ್ ಫ್ರೆಶ್ನರ್ ತರಿಸಲಾಯಿತು.

ಈಗ ಸತ್ತ ಗಿಡ ಬದಲಿಸಲು ನರ್ಸರಿಗೆ ವಾರ್ಷಿಕ ಗುತ್ತಿಗೆ. ಲೆಕ್ಕಪತ್ರದಲ್ಲಿ ಅದು ‘ಹಸಿರೀಕರಣ’ದ ಬಾಬ್ತು. ಹೊಂಗೆ ಕಡಿದವರ ಕೂಲಿಯೂ ಅದೇ ಬಾಬ್ತಿನಲ್ಲಿದೆ.