ಒಂದು ಹಲಗೆ ಜಾಸ್ತಿ ಬಂದಿತ್ತು

ನಮ್ಮ ಮನೆಯ ಹಾಲ್‌ಗೆ ಆಟೊಮನ್ ಬಂದದ್ದು ಚಪ್ಪಟೆಯಾಗಿ, ಮಡಚಿಕೊಂಡು. ಆಟೊಮನ್ ಅಂದರೆ ಕಾಲು ಚಾಚಿಕೊಳ್ಳುವ ಸ್ಟೂಲು. ಮೇಲೆ ಫೋಮು, ಅದರ ಮೇಲೆ ನವಿಲು ಬಣ್ಣದ ವೆಲ್ವೆಟ್ಟು, ಅಲ್ಲಲ್ಲಿ ಗುಂಡಿ ಒತ್ತಿ ಮಾಡಿದ ಗುಳಿಗಳು. ಮುಚ್ಚಳ ಎತ್ತಿದರೆ ಒಳಗೆ ಪೆಟ್ಟಿಗೆ. ಚಿತ್ರದಲ್ಲಿ ಆ ಪೆಟ್ಟಿಗೆಯೊಳಗೆ ನೀಟಾಗಿ ಮಡಚಿದ ಎರಡು ಹೊದಿಕೆ, ಒಂದು ಪುಸ್ತಕ ಇದ್ದವು. ಯಾರ ಮನೆಯೋ ಏನೋ.

ಜೋಡಿಸಿದ್ದು ನಾನೇ. ಮಡಚಿದ ಗೋಡೆಗಳನ್ನು ಬಿಡಿಸಿ ನಿಲ್ಲಿಸಿದೆ, ಮುಚ್ಚಳ ಇಟ್ಟೆ, ಮುಗಿಯಿತು. ಕಪ್ಪು ಬಟ್ಟೆ ಅಂಟಿಸಿದ ಒಂದು ಚೌಕ ಹಲಗೆ ಉಳಿಯಿತು.

"ಇದೇನ್ರೀ?" ಅಂದಳು ಹೆಂಡತಿ.

"ಪ್ಯಾಕಿಂಗಿಗೆ ಇಟ್ಟಿರ್ತಾರೆ, ಬಾಗಬಾರದು ಅಂತ."

ನಾನು ಏನು ಜೋಡಿಸಿದರೂ ಕೊನೆಗೆ ಒಂದೆರಡು ಸ್ಕ್ರೂ ಉಳಿಯುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಗಳು ಹಲಗೆಗೆ ಕ್ಲಿಪ್ ಹಾಕಿ ಬರೆಯುವ ಪ್ಯಾಡ್ ಮಾಡಿಕೊಂಡಳು.

ಆಮೇಲೆ ಶುರುವಾಯಿತು ತುಂಬುವ ಕೆಲಸ. ಬಾಗಿಲ ಬೆಲ್ ಆದರೆ ಸಾಕು, ಸೋಫಾದ ಮೇಲೆ ಬಿದ್ದದ್ದೆಲ್ಲ ಎರಡೂ ಕೈಲಿ ಬಾಚಿ ಒಳಗೆ. ಒಂಟಿ ಸಾಕ್ಸು, ಯಾವ ಫೋನಿಗೂ ಹೊಂದದ ಚಾರ್ಜರು, ಕೈಗೆ ಸಿಕ್ಕ ಕಾಗದ ಪತ್ರ, ಅರ್ಧ ಮಡಚಿದ ಟವೆಲ್ಲು. ಹಾಲ್ ಫಳಫಳ. ಹಾಗೆ ಒಳಗೆ ಹೋದದ್ದು ವಾಪಸ್ ಬರುತ್ತಿರಲಿಲ್ಲ. ತೆಗೆಯೋಣ ಅಂದರೆ ಮೇಲೆ ಯಾರದ್ದಾದರೂ ಕಾಲು ಇದ್ದೇ ಇರುತ್ತಿತ್ತು. ಕಾಲು ಎತ್ತು ಅಂದರೆ "ಆಮೇಲೆ ತಗೋ" ಅನ್ನುವ ಉತ್ತರ.

ಹೋದ ಸಲ ಮಾವ ಬಂದಾಗ ಅವರ ಕನ್ನಡಕ ಕಳೆದದ್ದೂ ಇದೇ ಕಾಲದಲ್ಲಿ. ಮನೆಯೆಲ್ಲ ಜಾಲಾಡಿದೆವು. ಕೊನೆಗೆ "ಬಸ್ಸಲ್ಲೇ ಬಿಟ್ಟಿದ್ದೀರಿ ಮಾವ" ಅಂತ ನಾನೇ ಒಪ್ಪಿಸಿದೆ. ಪಾಪ, ಒಪ್ಪಿಕೊಂಡರು. ಈ ಸಲ ಬಂದಾಗ ಮಗಳು ಅವರನ್ನು ಹೊಸ ಸ್ಟೂಲಿನ ಮೇಲೇ ಕೂರಿಸಿದಳು.

"ಆಟೊಮನ್ ಅಂದ್ರೆ ತುರ್ಕರ ಸಾಮ್ರಾಜ್ಯ ಅಲ್ವಾ?" ಅಂದರು ಮಾವ. ಅವರು ಚರಿತ್ರೆಯ ಮೇಷ್ಟ್ರು.

ನಾನೂ ಬಿಡಲಿಲ್ಲ. ಅಲ್ಲಿ ಗೋಡೆ ಪಕ್ಕ ದಿಂಬು ಹಾಕಿ ಕೂರುತ್ತಿದ್ದ ತಗ್ಗು ಆಸನ 18ನೇ ಶತಮಾನದಲ್ಲಿ ಯುರೋಪಿಗೆ ಹೋಯಿತು, ಹೆಸರೂ ಜೊತೆಗೇ ಹೋಯಿತು ಅಂತ ವಿವರಿಸಿದೆ.

"ಸರಿ. ಆ ಸಾಮ್ರಾಜ್ಯ 1299ರ ಸುಮಾರಿಗೆ ಹುಟ್ಟಿ 1922ರವರೆಗೆ ನಿಂತಿತ್ತು, ಆರು ನೂರು ವರ್ಷ" ಅಂದವರೇ ಮಾವ ಆರಾಮಾಗಿ ಹಿಂದಕ್ಕೆ ವಾಲಿದರು.

ನಮ್ಮದು ಎರಡೇ ತಿಂಗಳು ನಿಂತಿತು. ಮೊದಲು ಒಂದು ಗೋಡೆ ಒಳಕ್ಕೆ ಮಡಚಿತು, ಅದರ ಹಿಂದೆ ಇನ್ನೊಂದು. ಮಾವ ನಿಧಾನವಾಗಿ, ಲಿಫ್ಟಿನಲ್ಲಿ ಇಳಿದ ಹಾಗೆ, ನೆಲಕ್ಕೆ ಇಳಿದರು. ಮುಚ್ಚಳ ಇನ್ನೂ ಅವರ ಕೆಳಗೇ ಇತ್ತು. ಸುತ್ತ ನಮ್ಮ ಎರಡು ತಿಂಗಳ ಸಂಸಾರ ಹರಡಿತ್ತು.

ಇಷ್ಟು ದಿನ ನಿಂತಿದ್ದಾದರೂ ಹೇಗೆ ಅಂತ ಆಮೇಲೆ ಹೊಳೆಯಿತು. ಒಳಗೆ ಗಿಡಿದು ತುಂಬಿದ್ದ ಸಾಮಾನೇ ಗೋಡೆಗಳನ್ನು ಹಿಡಿದುಕೊಂಡಿತ್ತು. ಅವತ್ತು ಬೆಳಿಗ್ಗೆ ಹೆಂಡತಿ ಟವೆಲ್ಲುಗಳನ್ನೆಲ್ಲ ಒಗೆಯಲು ತೆಗೆದಿದ್ದಳು.

"ಏಟಾಯ್ತಾ ಅಪ್ಪಾ?" ಅಂತ ಅವಳು ಓಡಿ ಬಂದಳು. ಮಾವ ಉತ್ತರಿಸಲಿಲ್ಲ. ಸಾಕ್ಸುಗಳ ನಡುವಿನಿಂದ ಏನೋ ಎತ್ತಿ, ಒರೆಸಿ, ಮೂಗಿನ ಮೇಲೆ ಏರಿಸಿಕೊಂಡರು.

"ಬಸ್ಸು ಇಲ್ಲೇ ನಿಂತಿದೆಯಲ್ಲ ಅಳಿಯಂದ್ರೇ" ಅಂದರು.

ನನ್ನ ಬಾಯಿ ಕಟ್ಟಿತು. ಅಷ್ಟರಲ್ಲಿ ಅವರು ಇನ್ನೊಂದು ಕಾಗದ ಎತ್ತಿಕೊಂಡು, ಕೂತಲ್ಲೇ ಗಟ್ಟಿಯಾಗಿ ಓದತೊಡಗಿದರು. "ಚಿತ್ರ ಎರಡು. ಗೋಡೆಗಳು ಒಳಕ್ಕೆ ಮಡಚದಂತೆ, ತಳದ ಹಲಗೆಯನ್ನು ಒಳಗೆ ಒತ್ತಿ ಕೂರಿಸಿ..."

ಮಗಳು ಮೆಲ್ಲಗೆ ತನ್ನ ಪ್ಯಾಡಿನ ಕ್ಲಿಪ್ ಬಿಚ್ಚತೊಡಗಿದಳು.