ಗಡುವಿಲ್ಲದ ಪಯಣವೇ ಸರಿ

ಸ್ವಂತ ಹಾಯಿದೋಣಿಯಲ್ಲಿ ಕರಾವಳಿಗುಂಟ ನಿಧಾನವಾಗಿ ಸಾಗುತ್ತಿರುವ ದಂಪತಿಯ ಬಗ್ಗೆ ಬಂದ ಲೇಖನ ಓದಿ ತುಂಬಾ ಖುಷಿಯಾಯಿತು. ಗಾಳಿ ಸರಿಯಿಲ್ಲದ ದಿನ ಲಂಗರು ಎತ್ತಲೇ ಇಲ್ಲ ಅಂದಿದ್ದಾರಲ್ಲ, ನನಗೆ ಅದೇ ಜಾಸ್ತಿ ಹಿಡಿಸಿತು. ಇಂಥ ದಿನ ಇಂಥ ಬಂದರು ಮುಟ್ಟಲೇಬೇಕು ಅಂತ ಹಟ ಹಿಡಿದರೆ ಕೆಟ್ಟ ಹವೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಅಪಾಯ ಹೆಚ್ಚು.

ದೋಣಿಯ ವೇಗ 5 ನಾಟ್ ಅಂದರೆ ಗಂಟೆಗೆ ಬರೀ 9 ಕಿ.ಮೀ. ಎದುರಿನಿಂದ 2 ನಾಟ್ ನೀರಿನ ಸೆಳೆತ ಬಂದರೆ ಉಳಿಯುವುದು ಐದೂವರೆ ಕಿ.ಮೀ. ಅದೇ ಸೆಳೆತ ಹಿಂದಿನಿಂದ ಸಿಕ್ಕರೆ 13! ಉಬ್ಬರ ಇಳಿತ ನೋಡಿಕೊಂಡು ಹೊರಡುವುದು ಅದಕ್ಕೇ.

ಲಂಗರಿನ ಬಗ್ಗೆ ಲೇಖನದಲ್ಲಿ ಇನ್ನಷ್ಟು ಬೇಕಿತ್ತು. ಉಬ್ಬರದ ಹೊತ್ತಿಗೆ ಆಳ 5 ಮೀಟರ್, ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲೆ ಅಂದುಕೊಳ್ಳಿ. ಒಟ್ಟು ಆರರ ಐದು ಪಟ್ಟು, ಅಂದರೆ 30 ಮೀಟರ್ ಸರಪಳಿ ಬಿಡಬೇಕು. ಕಡಿಮೆ ಬಿಟ್ಟರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತುಬರುತ್ತದೆ. ಆಮೇಲೆ ಎಂಜಿನ್ ಹಿಮ್ಮುಖ ಹಾಕಿ, ಬಿಗಿಯಾದ ಸರಪಳಿಯ ಮೇಲೆ ಸುಮ್ನೆ ಅಂಗೈ ಇಡಿ. ಗಡಗಡ ನಡುಗಿದರೆ ಲಂಗರು ತಳದಲ್ಲಿ ಜಾರುತ್ತಿದೆ ಅಂತ ಅರ್ಥ.

ನಡುರಾತ್ರಿ ಗಾಳಿ ದಿಕ್ಕು ಬದಲಿಸಿದಾಗ ಇಬ್ಬರಲ್ಲಿ ಯಾರು ಎದ್ದು ನೋಡುತ್ತಾರೆ ಅನ್ನುವುದನ್ನೂ ಕೇಳಬೇಕಿತ್ತು, ಅಲ್ವಾ?